ನಾಲ್ಕು ಹುಣ್ಣಿಮೆಯ ಗಡ್ಡ

ಹೊಳೆಯ ಈ ದಡದಲ್ಲಿ ಒಂದು ಆಶ್ರಮ, ಆ ದಡದಲ್ಲಿ ಒಂದು ಊರು. ನಡುವೆ ಓಡಾಡಲು ಒಂದು ತೆಪ್ಪ. ಈ ಕಥೆಗೆ ಇಷ್ಟು ಜಾಗ ಸಾಕು.

ಆಶ್ರಮದಲ್ಲಿ ಮರಡಿ ಸ್ವಾಮಿಗಳು ಅಂತ ಒಬ್ಬರು ಮುದುಕರಿದ್ದರು. ಅವರ ಹತ್ತಿರ ಚಿದಂಬರ ಅಂತ ಒಬ್ಬ ಶಿಷ್ಯ. ಹದಿನೇಳಕ್ಕೆ ಬಂದವನಿಗೆ ಈಗ ಇಪ್ಪತ್ತಾರು. ಒಂಬತ್ತು ವರ್ಷ ನೀರು ಹೊತ್ತ, ಸೌದೆ ಸೀಳಿದ, ಮಂತ್ರ ಕಲಿತ, ಕಾವಿ ಯಾವಾಗ ಸಿಗುತ್ತದೋ ಅಂತ ಕಾದ. ಕಾಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ ಅನ್ನಿ.

ಆಶ್ರಮದಲ್ಲಿ ಒಂದು ರೂಢಿ. ಪ್ರತಿ ಹುಣ್ಣಿಮೆ ಬೆಳಿಗ್ಗೆ ಕ್ಷೌರದ ಚೌಡಯ್ಯ ಹೊಳೆ ದಾಟಿ ಬಂದು ಹೊಂಗೆ ಮರದ ಕೆಳಗೆ ಕೂರುತ್ತಿದ್ದ. ಸ್ವಾಮಿಗಳಿಂದ ಹಿಡಿದು ಅಡುಗೆಯವರ ತನಕ ಎಲ್ಲರೂ ಅವನ ಮುಂದೆ ಕೂತು ತಲೆ, ಗಡ್ಡ ಬೋಳಿಸಿಕೊಂಡು ಏಳುತ್ತಿದ್ದರು.

ನಾಲ್ಕು ಹುಣ್ಣಿಮೆಯಿಂದ ಚಿದಂಬರ ಮಾತ್ರ ಕೂತಿರಲಿಲ್ಲ.

ಯಾಕೆ ಅಂತ ಕೇಳಿದವರಿಗೆ "ವ್ರತ" ಅನ್ನುತ್ತಿದ್ದ. ಇನ್ನೂ ಕೇಳಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಕೂದಲು ಕಿವಿ ಮುಚ್ಚಿತು, ಗಡ್ಡ ದಟ್ಟವಾಯಿತು. ಆ ದಡದಿಂದ ಬರುವ ಭಕ್ತರಿಗೆ ಅದು ಬಹಳ ಹಿಡಿಸಿತು. "ಮುಖಕ್ಕೆ ಎಂಥಾ ಕಳೆ ಬಂದೈತೆ ನೋಡು" ಅಂತ ಮುದುಕಿಯರು ಅವನ ಕಾಲಿಗೂ ಬೀಳತೊಡಗಿದರು. ಅವನು ಬೇಡ ಅನ್ನಲಿಲ್ಲ.

ವ್ರತವೂ ಇಲ್ಲ, ಮಣ್ಣೂ ಇಲ್ಲ. ಆ ಸೀಮೆಯಲ್ಲಿ ಹೆಂಡತಿ ಬಸುರಿಯಾದರೆ ಹೆರಿಗೆಯಾಗುವ ತನಕ ಗಂಡ ತಲೆಗೂ ಗಡ್ಡಕ್ಕೂ ಕತ್ತಿ ಮುಟ್ಟಿಸುವುದಿಲ್ಲ. ಮುಟ್ಟಿಸಿದರೆ ಹೊಟ್ಟೆಯಲ್ಲಿರುವ ಕೂಸಿಗೆ ಕೇಡು ಅಂತ ನಂಬಿಕೆ. ಚಿದಂಬರನ ಅಜ್ಜ ಹಾಗೆ ಗಡ್ಡ ಬಿಟ್ಟಿದ್ದ, ಅಪ್ಪ ಬಿಟ್ಟಿದ್ದ. ಈಗ ಇವನೂ ಬಿಟ್ಟ. ಇವನಿಗೆ ಹೆಂಡತಿ ಇರಲಿಲ್ಲ, ಅಷ್ಟೇ.

ಬಸುರಿಯಾದವಳು ಆ ದಡದ ದೇವೀರಿ. ತಾಯಿಯ ಜೊತೆ ಮುತ್ತುಗದ ಎಲೆಗೆ ಕಡ್ಡಿ ಚುಚ್ಚಿ, ಊಟದೆಲೆ ಹಚ್ಚಿ ಆಶ್ರಮಕ್ಕೆ ತಂದುಕೊಡುತ್ತಿದ್ದವಳು. ಎಲೆಯನ್ನು ಉಗ್ರಾಣದಲ್ಲಿ ಜೋಡಿಸಿಡುವುದು ಚಿದಂಬರನ ಕೆಲಸ. ಅಲ್ಲಿ ಮಾತು ಬೆಳೆಯಿತು, ಮಾತಿನಿಂದ ಮುಂದೆ ಆಗುವುದೆಲ್ಲ ಆಯಿತು. ಅದು ಇಬ್ಬರಿಗೂ ಬೇಕಿತ್ತು, ಇಬ್ಬರೂ ನಕ್ಕಿದ್ದರು. ಅವನು ಅವಳನ್ನು ಕೆಡಿಸಿದ ಅಂತಲೋ ಅವಳು ಅವನನ್ನು ಕೆಡಿಸಿದಳು ಅಂತಲೋ ಹೇಳುವವರು ಹೇಳಿಕೊಳ್ಳಲಿ. ಕೆಟ್ಟದ್ದು ನಡೆದದ್ದು ಆಮೇಲೆ.

ಒಂದು ದಿನ ಅವಳು ಎಲೆಯ ಹೊರೆ ಇಳಿಸಿ, "ಮುಟ್ಟು ನಿಂತು ಎರಡು ತಿಂಗಳಾಯ್ತು" ಅಂದಳು.

ಅವನು ಹೊರೆ ಬಿಚ್ಚಿ ಎಲೆಗಳನ್ನು ಜೋಡಿಸತೊಡಗಿದ.

"ದೇವರಿದ್ದಾನೆ. ನೀನು ಸಮಾಧಾನವಾಗಿರು. ನಾನು ಯೋಚನೆ ಮಾಡ್ತೀನಿ" ಅಂದ.

ಆವತ್ತಿನಿಂದ ಯೋಚನೆ ಮಾಡುತ್ತಲೇ ಇದ್ದ. ದೇವೀರಿ ಬರುವುದು ನಿಂತಿತು. ಅವಳ ತಾಯಿ ಒಬ್ಬಳೇ ಹೊರೆ ತಂದು, ಅವನ ಮುಖ ನೋಡದೆ ಇಳಿಸಿ ಹೋಗುತ್ತಿದ್ದಳು. ಮಗಳು ಹೇಗಿದ್ದಾಳೆ ಅಂತ ಅವನು ಕೇಳಲಿಲ್ಲ. ಹೊಳೆ ದಾಟಲಿಲ್ಲ. ಆದರೆ ಕತ್ತಿ ಮುಟ್ಟಿಸಲಿಲ್ಲ ನೋಡಿ, ಅದೊಂದನ್ನು ಮಾತ್ರ ತಪ್ಪದೆ ನಡೆಸಿದ. ಹುಣ್ಣಿಮೆ ಬಂದಾಗಲೆಲ್ಲ ಹೊಂಗೆ ಮರದಿಂದ ದೂರ ಕೂತು, ನನ್ನ ಪಾಲಿನದನ್ನು ನಾನು ಮಾಡುತ್ತಿದ್ದೇನೆ ಅಂದುಕೊಳ್ಳುತ್ತಿದ್ದ. ಹಾಗೆ ಅಂದುಕೊಂಡಾಗ ಅವನ ಕಣ್ಣಲ್ಲಿ ನೀರು ಬೇರೆ ಬರುತ್ತಿತ್ತು. ಇಂಥ ಕಣ್ಣೀರಿಗೆ ಏನು ಹೇಳೋಣ.

ಹೀಗಿರುವಾಗ ಸ್ವಾಮಿಗಳು ಅವನನ್ನು ಕರೆದರು.

"ಬರೋ ಹುಣ್ಣಿಮೆಗೆ ನಿನಗೆ ದೀಕ್ಷೆ. ಎಂಟು ದಿನ ಇದೆ. ಸಿದ್ಧವಾಗು."

ದೀಕ್ಷೆ ಅಂದರೆ ಸುಮ್ಮನೆ ಕಾವಿ ಉಡುವುದಲ್ಲ. ಮೊದಲು ತಲೆ, ಗಡ್ಡ, ಮೀಸೆ ಎಲ್ಲ ಬೋಳಿಸಬೇಕು. ಹೊಳೆಯಲ್ಲಿ ಮುಳುಗಿ ಬಂದು ತನ್ನ ಪಿಂಡ ತಾನೇ ಇಡಬೇಕು. ಅಲ್ಲಿಗೆ ಹಿಂದಿನ ಮನುಷ್ಯ ಸತ್ತ ಹಾಗೆ.

ಒಂಬತ್ತು ವರ್ಷ ಇದಕ್ಕೇ ಕಾದಿದ್ದ ಚಿದಂಬರನಿಗೆ ಈಗ ಭಯ ಹತ್ತಿತು. ಎರಡು ಸಲ ಸ್ವಾಮಿಗಳ ಬಾಗಿಲ ತನಕ ಹೋಗಿ ಎರಡು ಸಲ ತಿರುಗಿ ಬಂದ, ಮೂರನೇ ಸಲ ಒಳಗೆ ಹೋದ. ಸ್ವಾಮಿಗಳು ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು.

"ಬುದ್ಧಿ, ಒಂದು ಕೇಳಬೇಕಿತ್ತು."

"ಕೇಳು."

"ಕ್ಷೌರ ಇಲ್ಲದೆ ದೀಕ್ಷೆ ಕೊಡೋಕೆ ಆಗಲ್ವಾ?"

"ಕತ್ತಿ ಕಂಡ್ರೆ ಭಯವಾ?"

"ಇಲ್ಲ ಬುದ್ಧಿ. ವ್ರತ ಇದೆ."

"ಯಾವ ದೇವರಿಗೆ?"

"ಮನಸ್ಸಲ್ಲೇ ಹೊತ್ಕೊಂಡಿದ್ದು."

"ಯಾವಾಗ ಮುಗಿಯುತ್ತೆ?"

"ಇನ್ನು ಮೂರು ತಿಂಗಳು" ಅಂದ ಚಿದಂಬರ.

ಸ್ವಾಮಿಗಳು ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟರು.

"ಆಗಲೇ ನಾಲ್ಕು ಆಗಿದೆ. ಇನ್ನು ಮೂರು. ಏಳು ತಿಂಗಳ ವ್ರತ ನಾನೆಲ್ಲೂ ಕೇಳಿಲ್ಲ. ಮೊದಲ ಎರಡು ತಿಂಗಳು ನಿನಗೆ ಗೊತ್ತಿರಲಿಲ್ಲ ಅಂತ ಕಾಣುತ್ತೆ."

ಚಿದಂಬರ ನಿಂತಲ್ಲೇ ಕೂತುಬಿಟ್ಟ.

"ಯಾರು?"

"ದೇವೀರಿ."

"ಎಲೆ ಹಚ್ಚೋಳು."

"ಹೌದು ಬುದ್ಧಿ."

ಬೈಗುಳ ಬರುತ್ತದೆ ಅಂತ ಅವನು ತಲೆ ತಗ್ಗಿಸಿದ. ಬರಲಿಲ್ಲ. ಅಕ್ಕಿ ಆರಿಸುವ ಸದ್ದು ಮಾತ್ರ ಕೇಳುತ್ತಿತ್ತು. ಬೈದುಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ಬೈಸಿಕೊಂಡವನು ಅತ್ತು, ಕಾಲು ಹಿಡಿದು, ಹಗುರವಾಗಿ ಎದ್ದು ಹೋಗಬಹುದು.

"ಕೂಸಿಗೆ ಏನು ಮಾಡಿದೆ?" ಕೇಳಿದರು ಸ್ವಾಮಿಗಳು.

"ಕತ್ತಿ ಮುಟ್ಟಿಸಲಿಲ್ಲ."

"ಅವಳಿಗೆ?"

ಅವನು ಸ್ವಾಮಿಗಳು ಪಕ್ಕಕ್ಕಿಟ್ಟ ಕಲ್ಲನ್ನೇ ನೋಡಿದ.

"ಅವಳನ್ನ ನೋಡಿ ಎಷ್ಟು ದಿನ ಆಯ್ತು?"

"ನಾಲ್ಕು ತಿಂಗಳು. ಆದರೆ ನೆನೆಸಿಕೊಳ್ಳದ ದಿನ ಇಲ್ಲ ಬುದ್ಧಿ."

"ನೆನೆಸಿಕೊಂಡಿದ್ದು ಹೊಳೆ ದಾಟಿ ಅವಳಿಗೆ ಮುಟ್ಟಿತಾ?"

ಚಿದಂಬರ ಕೈ ಮುಗಿದ. "ಕ್ಷೌರ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿಸಿ. ಕೂಸಿಗೆ ಏನಾದ್ರೂ ಆದ್ರೆ ಆ ಪಾಪ ನನಗೆ ಬೇಡ."

"ಪಾಪ ಬೇಡ. ಸರಿ. ಕೂಸು ಬೇಕಾ?"

ಚಿದಂಬರ ಎಷ್ಟೋ ದಿನದಿಂದ ಒಳಗೇ ತಿರುವಿಹಾಕುತ್ತಿದ್ದ ಮಾತನ್ನು ಹೊರಗೆ ಬಿಟ್ಟ.

"ದೀಕ್ಷೆ ಆದ ಮೇಲೆ ನಾನು ಸತ್ತ ಹಾಗೆ ಅಲ್ವಾ ಬುದ್ಧಿ. ನನ್ನ ಪಿಂಡ ನಾನೇ ಇಟ್ಟಿರ್ತೀನಿ. ಸತ್ತವನಿಗೆ ಹೆಂಡತಿ, ಮಕ್ಕಳು ಅಂತ ಎಲ್ಲಿರ್ತಾರೆ?"

"ಸತ್ತವನ ಕೂಸನ್ನ ನೋಡಿ ಊರು ಅಯ್ಯೋ ಪಾಪ ಅನ್ನುತ್ತೆ. ಇವಳ ಕೂಸಿಗೆ ಏನನ್ನುತ್ತೆ?"

ಅವನಿಗೆ ಅದು ಗೊತ್ತಿತ್ತು. ಆ ಮಾತನ್ನು ಅವನ ಬೀದಿಯಲ್ಲೇ, ಅಪ್ಪ ಯಾರೋ ಗೊತ್ತಿಲ್ಲದ ಒಂದು ಹುಡುಗಿಗೆ ಅನ್ನುತ್ತಿದ್ದರು. ಚಿಕ್ಕವನಿದ್ದಾಗ ಇವನೂ ಅಂದಿದ್ದ.

ಸ್ವಾಮಿಗಳು ಮೊರ ಕೆಳಗಿಟ್ಟರು. "ದೀಕ್ಷೆ ತಗೊಳ್ಳೋನು ತನ್ನ ಮೇಲೆ ಹಕ್ಕಿರೋರ ಹತ್ತಿರ ಹೋಗಿ ಅಪ್ಪಣೆ ಕೇಳಬೇಕು. ನಿನ್ನ ತಾಯಿ ಹತ್ತಿರ ಕೇಳಿದೆಯಲ್ಲ?"

"ಕೇಳಿದೀನಿ. ಅತ್ಕೊಂಡೇ ಆಗಲಿ ಅಂದ್ಲು."

"ಈಗ ಇವಳ ಹತ್ತಿರ ಹೋಗಿ ಕೇಳು."

"ಕೊಡದೆ ಇದ್ರೆ?"

"ಅಲ್ಲೇ ಇರು."

"ಕೊಟ್ರೆ?"

ಸ್ವಾಮಿಗಳು ಅಕ್ಕಿಯನ್ನು ಪಾತ್ರೆಗೆ ಸುರಿದುಕೊಂಡು ಅಡುಗೆಮನೆಗೆ ಎದ್ದು ಹೋದರು.

ಮಾರನೆಯ ದಿನವೇ ಚಿದಂಬರ ಹೊರಟ. ಹೊಳೆಯ ದಂಡೆಯ ತನಕ ಹೋದ. ಗಾಳಿ ಜೋರಾಗಿದೆ ಅಂತ ವಾಪಸು ಬಂದ. ಆಮೇಲೆ ಒಂದು ದಿನ ಪೂಜೆ ಹೆಚ್ಚಾಗಿತ್ತು. ಇನ್ನೊಂದು ದಿನ ಏಕಾದಶಿ, ಉಪವಾಸದಲ್ಲಿ ಇಂಥ ಮಾತು ಆಡಬಾರದು ಅನ್ನಿಸಿತು. ಮಾರನೆಯ ದಿನ ಪಾರಣೆ. ಅದರ ಮಾರನೆಯ ದಿನ ಅವನಿಗೆ ನಿಜವಾಗಿಯೂ ತಲೆನೋವು ಬಂತು. ಸ್ವಾಮಿಗಳು ಏನೂ ಕೇಳಲಿಲ್ಲ. ಕಾವಿ ಮಣ್ಣು ತರಿಸಿ, ನೀರಲ್ಲಿ ಕದಡಿ, ಹೊಸ ಪಂಚೆಯೊಂದನ್ನು ಅದ್ದಿ ಒಣಹಾಕಿದರು. ಆ ಪಂಚೆಯನ್ನು ನೋಡಿದ ಮೇಲೆ ಚಿದಂಬರನಿಗೆ ಇನ್ನು ತಳ್ಳಲಾಗಲಿಲ್ಲ. ಹುಣ್ಣಿಮೆಯ ಹಿಂದಿನ ದಿನ ತೆಪ್ಪ ಹತ್ತಿದ.

ತೆಪ್ಪದವನು ಗಡ್ಡ ನೋಡಿ ನಮಸ್ಕಾರ ಹಾಕಿದ. ಚಿದಂಬರ ಕೈ ಎತ್ತಿ ಆಶೀರ್ವಾದ ಮಾಡಿದ. ಅಭ್ಯಾಸವಾಗಿಹೋಗಿತ್ತು.

ದೇವೀರಿಯ ಮನೆ ಊರಿನ ಕೊನೆ ಬೀದಿಯಲ್ಲಿ. ಅವಳು ಜಗುಲಿಯ ಮೇಲೆ ಕೂತು ಎಲೆ ಹಚ್ಚುತ್ತಿದ್ದಳು. ಹೊಟ್ಟೆ ಮುಂದೆ ಬಂದಿದ್ದರಿಂದ ಎಲೆಯನ್ನು ಮಡಿಲಲ್ಲಿಡಲಾಗದೆ ಪಕ್ಕಕ್ಕೆ ತಿರುಗಿ ಕೂತಿದ್ದಳು. ಕೈ ಮಾತ್ರ ಮೊದಲಿನಷ್ಟೇ ಚುರುಕಾಗಿ ಓಡುತ್ತಿತ್ತು. ತಾಯಿ ಅವನನ್ನು ನೋಡಿದವಳೇ ಎದ್ದು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ.

"ಬನ್ನಿ ಸ್ವಾಮ್ಯಾರೆ" ಅಂದಳು ದೇವೀರಿ.

ಉಗ್ರಾಣದಲ್ಲಿ ಅವಳು ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದಳು. ಅವನಿಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಅವಳು ಕೂರಿ ಅನ್ನಲಿಲ್ಲ, ಅವನು ಬೀದಿಯಲ್ಲೇ ನಿಂತ.

"ಹೇಗಿದ್ದೀಯ ದೇವೀರಿ?"

"ನೋಡ್ತಾ ಇದೀರಲ್ಲ."

ಅವನು ತನ್ನ ಹತ್ತಿರ ಇದ್ದ ಒಂದೇ ಒಂದನ್ನು ಮುಂದೆ ಇಟ್ಟ.

"ನಾನು ಕತ್ತಿ ಮುಟ್ಟಿಸಿಲ್ಲ. ನಾಲ್ಕು ತಿಂಗಳಿಂದ. ಕೂಸಿಗೆ ಕೇಡಾಗಬಾರದು ಅಂತ."

ಅವಳು ಅವನ ಗಡ್ಡವನ್ನು ನೋಡಿದಳು. "ಕೇಳ್ದೆ. ಒಳ್ಳೆ ಕಳೆ ಬಂದೈತೆ ಅಂತ ಊರೆಲ್ಲ ಹೇಳ್ತು. ನಮ್ಮವ್ವನಿಗೂ ಹೇಳಿದ್ರು, ಹೋಗಿ ಕಾಲಿಗೆ ಬೀಳು, ಮಗಳಿಗೆ ಒಳ್ಳೇದಾಯ್ತದೆ ಅಂತ."

ಅವನಿಗೆ ನಾಚಿಕೆಯಾಯಿತು. ಆದರೂ ಕೇಳಿದ, "ಊರಲ್ಲಿ ಏನಂತಾರೆ?"

"ಅನ್ನಬೇಕಾದ್ದನ್ನೇ ಅಂತಾರೆ. ಮದುವೆ ಮನೆಯೋರು ನಮ್ಮ ಎಲೆ ಬೇಡ ಅಂದ್ರು. ಆಶ್ರಮದೋರು ಮಾತ್ರ ಇನ್ನೂ ತಗೊಳ್ತಾವ್ರೆ. ದಿನಾ ಉಣ್ತೀರಲ್ಲ ನೀವು, ಅವು ನಾನು ಹಚ್ಚಿದ್ದೇ."

ಚಿದಂಬರ ದಿನಕ್ಕೆ ಎರಡು ಸಲ ಆ ಎಲೆಯಲ್ಲಿ ಉಂಡಿದ್ದ. ಉಣ್ಣುವಾಗ ಒಂದು ದಿನವಾದರೂ ಅದನ್ನು ಯಾರು ಹಚ್ಚಿದ್ದು ಅಂತ ನೋಡಿರಲಿಲ್ಲ.

"ನನ್ನ ಹೆಸರು ಹೇಳಲಿಲ್ವಾ ಯಾರಿಗೂ?"

"ಹಿರೀಕರು ಕೂರಿಸಿ ಕೇಳಿದ್ರು. ಮೂರು ಸಲ. ಹೇಳಲಿಲ್ಲ."

"ಯಾಕೆ?"

ಅವಳು ಕೈಲಿದ್ದ ಎಲೆಗೆ ಕಡ್ಡಿ ಚುಚ್ಚಿ, ಉಳಿದದ್ದನ್ನು ಮುರಿದಳು.

"ಹೇಳಿದ್ರೆ ನಿಮ್ಮನ್ನ ಎಳ್ಕೊಂಡು ಬಂದು ನಂಗೆ ಕಟ್ತಿದ್ರು. ಎಳ್ಕೊಂಡು ಬಂದೋನು ನಂಗೆ ಬೇಡ. ತಾನಾಗೇ ನಡ್ಕೊಂಡು ಬತ್ತಾನೆ ಅನ್ಕೊಂಡೆ. ದಿನಾ ತೆಪ್ಪ ಬಂದಾಗ ಎದ್ದು ನೋಡ್ತಿದ್ದೆ. ಆಮೇಲಾಮೇಲೆ ಏಳೋಕೂ ಕಷ್ಟ ಆಯ್ತು."

"ಈಗ ಬಂದಿದೀನಲ್ಲ ದೇವೀರಿ."

"ಯಾಕ್ ಬಂದ್ರಿ?"

ಆಗ ಅವನಿಗೆ ಒಂದು ಗಳಿಗೆ ಇತ್ತು. ನಿನಗಾಗಿ ಬಂದೆ ಅಂದಿದ್ದರೆ ಆಗುತ್ತಿತ್ತೋ ಏನೋ. ತಪ್ಪಾಯಿತು ಅಂದಿದ್ದರೂ ಸಾಕಿತ್ತು. ಅವಳ ಕೈ ನಿಂತಿತ್ತು, ಒಳಗೆ ತಾಯಿಯೂ ಉಸಿರು ಹಿಡಿದು ನಿಂತಿದ್ದಳು. ಆ ಮಾತುಗಳು ಅವನ ನಾಲಿಗೆಯ ತನಕ ಬಂದವು ಕೂಡ. ಆದರೆ ಆ ಮಾತು ಹೊರಗೆ ಬಂದರೆ ಆಮೇಲೆ ಅಲ್ಲೇ ನಿಲ್ಲಬೇಕಲ್ಲ. ಆ ಜಗುಲಿ, ಆ ಬೀದಿ, ಆ ಜನ, ನಾಳೆ, ನಾಡಿದ್ದು.

"ಗುರುಗಳು ಕಳಿಸಿದ್ರು" ಅಂದ. "ದೀಕ್ಷೆ ಇದೆ. ನಿನ್ನ ಅಪ್ಪಣೆ ಬೇಕಂತೆ."

ದೇವೀರಿ ನಕ್ಕಳು. ಉಗ್ರಾಣದಲ್ಲಿ ನಕ್ಕಿದ್ದ ಹಾಗಲ್ಲ.

"ಹಂಗಾದ್ರೆ ಇದೂ ಎಳ್ಕೊಂಡು ಬಂದಂಗೇ ಆಯ್ತು."

"ಹಾಗಲ್ಲ ದೇವೀರಿ..."

"ಕೊಟ್ಟೆ ಬಿಡಿ. ಹೋಗಿ. ಬನ್ನಿ ಅಂತ ಮಾತ್ರ ಅನ್ನಲ್ಲ."

ಅವನು ನಿಂತೇ ಇದ್ದ.

"ಗಡ್ಡನೂ ತೆಗೆಸ್ಕೊಳ್ಳಿ" ಅಂದಳು ಅವಳು. "ಕೂಸಿಗೆ ಏನೂ ಆಗಕಿಲ್ಲ. ಆ ಶಾಸ್ತ್ರ ಇರೋದು ಗಂಡನಿಗೆ. ನೀವು ನಂಗೇನೂ ಅಲ್ವಲ್ಲ."

ಇನ್ನೊಂದು ಎಲೆ ಎತ್ತಿಕೊಂಡಳು. ಅವನು ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಅವಳು ಇವನ ಕಡೆ ನೋಡುತ್ತಿರಲಿಲ್ಲ. ತಾಯಿ ಹೊರಗೆ ಬಂದು ಅವಳ ಬೆನ್ನು ತಿಕ್ಕುತ್ತಿದ್ದಳು.

ತೆಪ್ಪ ಅರ್ಧ ಹೊಳೆಗೆ ಬರುವ ತನಕ ಚಿದಂಬರ ಅತ್ತ. ಅರ್ಧ ಹೊಳೆ ದಾಟಿದ ಮೇಲೆ ಅವನಿಗೆ ಏನೋ ಹಗುರವೆನ್ನಿಸಿತು. ಅಯ್ಯೋ, ಇದೇನು ಹಗುರವಾಗುತ್ತಿದೆಯಲ್ಲ ಅಂತ ನಾಚಿದ. ಈ ದಡ ಮುಟ್ಟುವ ಹೊತ್ತಿಗೆ ಆ ನಾಚಿಕೆಯೂ ಹೋಗಿತ್ತು. ಅವಳೇ ಕೊಟ್ಟಳಲ್ಲ ಅಂದುಕೊಂಡ. ಅವಳೇ ಏನೂ ಅಲ್ಲ ಅಂದಳಲ್ಲ. ಹೀಗೆ ಅವಳ ಸಿಟ್ಟನ್ನು ಮಡಿಸಿ ತನ್ನ ಬಿಡುಗಡೆಯ ಕಾಗದ ಮಾಡಿಕೊಂಡ. ಮನುಷ್ಯನಿಗೆ ಇದು ಬಹಳ ಸುಲಭವಾಗಿ ಬರುತ್ತದೆ, ಯಾರೂ ಕಲಿಸಬೇಕಾಗಿಲ್ಲ.

ಹುಣ್ಣಿಮೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೊಂಗೆ ಮರದ ಕೆಳಗೆ ಹೋಗಿ ಕೂತ.

ಚೌಡಯ್ಯ ಬಟ್ಟಲಲ್ಲಿ ನೀರು ತಗೊಂಡ. "ವ್ರತ ಮುಗೀತಾ ಬುದ್ಧಿ?"

"ಮುಗೀತು."

"ಇನ್ನೂ ಮೂರು ತಿಂಗಳು ಐತೆ ಅನ್ಕೊಂಡಿದ್ದೆ" ಅಂದ ಚೌಡಯ್ಯ.

ಚಿದಂಬರ ತಟ್ಟನೆ ಅವನ ಮುಖ ನೋಡಿದ. ಚೌಡಯ್ಯ ಕತ್ತಿ ಮಸೆಯುತ್ತಿದ್ದ. ತಲೆ ಒದ್ದೆ ಮಾಡಿ, ಬಗ್ಗಿಸಿ, ಕೆಲಸ ಶುರುಮಾಡಿದ. ಕೂದಲು ಮಡಿಲಿಗೆ ಬಿದ್ದಾಗ ಚಿದಂಬರನಿಗೆ ಕೂಸು ನೆನಪಾಯಿತು. ಏಳಬೇಕು ಅನ್ನಿಸಿತು. ಏಳಲಿಲ್ಲ. ಗಡ್ಡ ಹೋದ ಮೇಲೆ ಅವನ ಮುಖ ಸಣ್ಣದಾಗಿ, ಬೆಳ್ಳಗೆ, ಯಾರದೋ ಮುಖದಂತೆ ಕಾಣಿಸಿತು. ಬೆಳಿಗ್ಗೆ ಬಂದಿದ್ದ ಮುದುಕಿಯೊಬ್ಬಳು ಗುರುತು ಸಿಗದೆ ಪಕ್ಕದಲ್ಲೇ ಹಾದುಹೋದಳು.

ಹೊಳೆಯಲ್ಲಿ ಮುಳುಗಿ ಎದ್ದು, ಒದ್ದೆ ಬಟ್ಟೆಯಲ್ಲೇ ಸ್ವಾಮಿಗಳ ಮುಂದೆ ಬಂದು ನಿಂತ. ಪಿಂಡಕ್ಕೆ ಅನ್ನ ಬೆಂದಿತ್ತು. ಕಾವಿ ಪಂಚೆ ಸ್ವಾಮಿಗಳ ತೊಡೆಯ ಮೇಲಿತ್ತು.

"ಅಪ್ಪಣೆ ಸಿಕ್ತು ಬುದ್ಧಿ."

"ಏನಂದ್ಲು?"

"ಹೋಗಿ ಅಂದ್ಲು. ನಾನು ಅವಳಿಗೆ ಏನೂ ಅಲ್ವಂತೆ."

"ನೀನೇನಂದೆ?"

"ನನ್ನ ಬಾಯಿ ಕಟ್ಟಿಹೋಯ್ತು."

"ಆಮೇಲೆ?"

ಗುರುವಿನ ಮುಂದೆ ಸುಳ್ಳು ಹೇಳಬಾರದು ಅಂತ ಅವನು ಕಲಿತಿದ್ದ. ಆ ಪಾಠ ಈಗ ನೆನಪಾಯಿತು. "ಹಗುರವಾಯ್ತು" ಅಂದ.

ಸ್ವಾಮಿಗಳು ತೊಡೆಯ ಮೇಲಿನ ಪಂಚೆಯನ್ನು ಪಕ್ಕಕ್ಕಿಟ್ಟರು. ಅವರ ಕಣ್ಣು ಕೆಂಪಾಗಿತ್ತು.

"ಮೊದಲನೇ ಹುಣ್ಣಿಮೆಗೇ ನನಗೆ ಗೊತ್ತಾಗಿತ್ತು" ಅಂದರು. "ನೀನಾಗೇ ಬಂದು ಹೇಳ್ತೀಯ ಅಂತ ಸುಮ್ಮನಿದ್ದೆ. ದೊಡ್ಡ ಗುರು ಅನ್ನೋ ಜಂಭ ನನಗೆ. ನೀನು ಪಕ್ವವಾಗಲಿ ಅಂತ ಇಲ್ಲಿ ನಾನು ಕಾದೆ, ಅಲ್ಲಿ ಅವಳನ್ನ ಮೂರು ಸಲ ಕೂರಿಸಿ ಕೇಳಿದರಂತೆ. ನಿನ್ನೆ ಸಂಜೆ ಅವಳ ತಾಯಿ ಬಂದಿದ್ದಳು, ಹೇಳಿದಳು. ಅದಕ್ಕೆ ನಾನು ಯಾರ ಮುಂದೆ ಹೋಗಿ ನಿಲ್ಲಬೇಕೋ ನಿಲ್ತೀನಿ. ಅದು ನನ್ನ ಪಾಡು."

ಚಿದಂಬರ ಅವರ ಕಾಲು ಹಿಡಿಯಲು ಬಗ್ಗಿದ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ಅನ್ನ ಆರ್ತಾ ಇದೆ ಬುದ್ಧಿ" ಅಂದ ಅವನು ಸಣ್ಣ ದನಿಯಲ್ಲಿ. "ಅಮ್ಮ ಆಗಲಿ ಅಂದಾಯ್ತು. ಅವಳೂ ಅಂದಾಯ್ತು. ಇನ್ನು ಯಾರ ಅಪ್ಪಣೆ ಬಾಕಿ ಇದೆ?"

ಸ್ವಾಮಿಗಳು ಎದ್ದರು. ಪಿಂಡದ ಅನ್ನವನ್ನು ತೆಗೆದುಕೊಂಡು ಹೋಗಿ ಕಾಗೆಗಳಿಗೂ ನಾಯಿಗೂ ಹಾಕಿ ಬಂದರು. ಕಾವಿ ಪಂಚೆಯನ್ನು ಹರಿದು ಎರಡು ತುಂಡು ಮಾಡಿದರು, ಇನ್ನೂ ಎರಡು ಮಾಡಿದರು, ಕೂಸನ್ನು ಸುತ್ತುವಷ್ಟು ಅಳತೆಗೆ. ಆ ತುಂಡುಗಳನ್ನು ಅವನ ಒದ್ದೆ ಕೈಗೆ ಕೊಟ್ಟರು.

"ಅವಳು ಕೊಟ್ಟಿದ್ದು ಅವಳ ಅಪ್ಪಣೆ. ಅವಳ ಜಗುಲಿ ಹತ್ತಬೇಡ, ಆ ಹಕ್ಕು ನಿನಗಿಲ್ಲ. ಆದರೆ ಅದೇ ಬೀದೀಲಿರು, ದುಡಿದಿದ್ದನ್ನ ಅವಳ ಬಾಗಿಲಿಗೆ ಇಡು, ಇದು ಯಾರ ಕೂಸು ಅಂತ ಯಾರು ಕೇಳಿದ್ರೂ ನಂದು ಅನ್ನು. ಹೊಟ್ಟೆಯಲ್ಲಿರೋದು ಇನ್ನೂ ಏನೂ ಹೇಳಿಲ್ಲ ಚಿದಂಬರ. ಅದು ಹುಟ್ಟಿ, ಮಾತು ಕಲಿತು, ನಿನ್ನ ಮುಖ ನೋಡಿ, ನೀನು ನನಗೆ ಬೇಡ ಹೋಗು ಅಂದ ದಿನ ಬಾ."